ಹೊಸೆಯದ ಹಗ್ಗ

ಅವರ ಪಾದಗಳು ನೆಲದಿಂದ ಒಂದು ಗೇಣು ಮೇಲಿದ್ದವು. ಹಿಮ್ಮಡಿಯ ಬಿರುಕುಗಳಲ್ಲಿ ಪುಂಡಿ ನಾರಿನ ಬಿಳಿ ಎಳೆಗಳು ಸಿಕ್ಕಿಕೊಂಡಿದ್ದವು, ಒಂದು ಹೆಬ್ಬೆರಳಿಗೆ ಹಳೆಯ ಬಟ್ಟೆಯ ಪಟ್ಟಿ ಸುತ್ತಿತ್ತು. ಅಫಜಲಪುರದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಬೇವಿನ ಗಿಡದ ಟೊಂಗೆಗೆ ಹೊಸ ಹಗ್ಗವನ್ನು ಜೋಕಾಲಿಯಂತೆ ಕಟ್ಟಿ, ಅರವತ್ತು ದಾಟಿದ ಆ ಮನುಷ್ಯ ಅದರಲ್ಲಿ ಕೂತು, ಕಾಲು ಮೇಲೆತ್ತಿ ಕಣ್ಣು ಮುಚ್ಚಿಕೊಂಡಿದ್ದರು. ಜೀಕುತ್ತಿರಲಿಲ್ಲ, ಸುಮ್ಮನೆ ಕೂತಿದ್ದರು. ದಾರಿಯಲ್ಲಿ ಹೋಗುತ್ತಿದ್ದವನೊಬ್ಬ "ಚಾಚಾ, ಜೋಕಾಲಿ ಪಂಚಮಿ ಇನ್ನಾ ದೂರ ಅದರಿ!" ಎಂದು ನಕ್ಕು ಮುಂದೆ ಹೋದ. ಅವರು ಕಣ್ಣು ಬಿಡಲಿಲ್ಲ.

ನಾನು ಆಗಷ್ಟೇ ಜೇವರ್ಗಿಯಿಂದ ವರ್ಗವಾಗಿ ಇಲ್ಲಿನ ಹೆಣ್ಣುಮಕ್ಕಳ ಹೈಸ್ಕೂಲಿಗೆ ವಿಜ್ಞಾನದ ಟೀಚರಾಗಿ ಬಂದಿದ್ದೆ. ಬಟ್ಟೆ ಒಣಹಾಕಲು ಒಂದು ಹಗ್ಗ ಬೇಕೆಂದು ಹೋದವಳು. ಸ್ವಲ್ಪ ಹೊತ್ತು ನಿಂತೆ, ಕೆಮ್ಮಿದೆ, ಬಳೆ ಸದ್ದು ಮಾಡಿದೆ. ಊಹೂಂ. ಕೊನೆಗೆ ತಡೆಯಲಾರದೆ, "ಏನ್ ಮಾಡಾಕತ್ತೀರಿ?" ಎಂದೆ.

"ಕೇಳಾಕತ್ತೇನಿ," ಅಂದರು, ಕಣ್ಣು ಮುಚ್ಚಿಕೊಂಡೇ.

"ಏನು?"

"ಹಗ್ಗದ ಮಾತು. ಇದು ತೊಟ್ಟಿಲ ಹಗ್ಗ ನೋಡ್ರಿ. ನಾಳಿಗಿ ಆಳಂದದಾಗ ಒಂದು ಕೂಸಿನ್ನ ತೊಟ್ಟಿಲಿಗಿ ಹಾಕತಾರ. ಹಗ್ಗ ಕಟಕ್ ಅಂದ್ರ ಹೇಳಾಕ ಕೂಸಿಗಿ ಮಾತು ಬರಂಗಿಲ್ಲ. ಅದಕ ಮೊದಲ ನಾ ಕೂತು ಕೇಳತೇನಿ."

ಹಗ್ಗ ಕೊಡುವ ಹಿಂದಿನ ದಿನ ಹತ್ತು ಉಸಿರು ಎಳೆದು ಬಿಡುವ ತನಕ ಕೂರುವುದು ಅವರ ಪದ್ಧತಿ. ತೊಟ್ಟಿಲ ಹಗ್ಗ, ಬಾವಿಗೆ ಮನುಷ್ಯ ಇಳಿಯುವ ಹಗ್ಗ, ಈ ಎರಡನ್ನೂ ತಾವು ಕೂತು ನೋಡದೆ ಯಾರ ಕೈಗೂ ಕೊಟ್ಟವರಲ್ಲ. ಊರವರಿಗೆಲ್ಲ ಅವರು ಹಗ್ಗದ ಚಾಚಾ. ಲಿಂಗಾಯತರ ಮನೆಯ ತೊಟ್ಟಿಲಿರಲಿ, ಮುಸಲ್ಮಾನರ ಮನೆಯ ತೊಟ್ಟಿಲಿರಲಿ, ಹಗ್ಗ ಚಾಚಾನದೇ ಆಗಬೇಕು. "ಚಾಚಾ ಕೂತಾರಿಲ್ಲೋ?" ಎಂದು ಅಜ್ಜಿಯರು ಕೇಳಿಯೇ ಕೂಸನ್ನು ತೊಟ್ಟಿಲಿಗೆ ಇಳಿಸುತ್ತಿದ್ದರು.

ಅವರ ಕೆಲಸ ನೋಡುವುದೇ ಒಂದು ಸೊಗಸು. ಮಾದನಹಿಪ್ಪರಗಾದ ಕಡೆಯಿಂದ ಪುಂಡಿ ಕಟ್ಟಿಗೆ ತರಿಸಿ, ಘತ್ತರಗಿಯ ಹತ್ತಿರ ಭೀಮಾ ನದಿಯ ಮಡುವಿನಲ್ಲಿ ಕೊಳೆಹಾಕಿ, ಸಿಪ್ಪೆ ಸುಲಿದು ನಾರು ತೆಗೆಯುತ್ತಿದ್ದರು. ಓಣಿಯ ಒಂದು ತುದಿಯಲ್ಲಿ ಅವರ ಹೆಂಡತಿ, ಊರವರ ಚಾಚಿ, ಕೂತು ರಾಟಿ ತಿರುಗಿಸುವುದು. ಚಾಚಾ ಸೊಂಟಕ್ಕೆ ನಾರಿನ ಕಟ್ಟು ಸಿಕ್ಕಿಸಿಕೊಂಡು, ಎಳೆ ಬಿಡುತ್ತ ಬಿಡುತ್ತ ಹಿಂದಕ್ಕೆ ಹೆಜ್ಜೆ ಹಾಕುವುದು. ಆ ಓಣಿಯಲ್ಲಿ ಎಲ್ಲಿ ಕಲ್ಲಿದೆ, ಎಲ್ಲಿ ನಾಯಿ ಮಲಗಿದೆ ಎಂಬುದು ಅವರ ಹಿಮ್ಮಡಿಗೆ ಗೊತ್ತಿತ್ತು. ಅಂಗಡಿ ಅಂಗಡಿಗೂ ನೈಲಾನು ಬಂದಿತ್ತು ನಿಜ. ನಾನು ಅದನ್ನು ಬೈದು ಅವರನ್ನು ಮೆಚ್ಚಿಸಲು ನೋಡಿದರೆ, "ನೈಲಾನು ಕೆಟ್ಟದ್ದಲ್ಲರಿ ಟೀಚರಬಾಯಿ, ಅದರ ಸಂಗಾಟ ನನ್ನ ಗುರುತು ಇಲ್ಲ, ಅಷ್ಟೇ," ಎಂದು ನನ್ನ ಬಾಯಿ ಮುಚ್ಚಿಸಿದ್ದರು.

ಒಂಬತ್ತನೆಯ ತರಗತಿಗೆ ಬಲ, ಎಳೆತ ಎಂದು ಪಾಠ ಮಾಡುವಾಗ ನನ್ನ ಕೈಗೆ ಒಂದು ಹಳೆಯ ಕ್ಯಾಲೆಂಡರಿನ ಹಾಳೆ ಸಿಕ್ಕಿತು. ಅಮೆರಿಕದ ಗೋಲ್ಡನ್ ಗೇಟ್ ಸೇತುವೆ, ಕೆಂಪು ಬಣ್ಣದ್ದು, ಕೆಳಗೆ ಸಮುದ್ರದ ಬಾಯಿ. ಪಾಠ ಮುಗಿದ ಮೇಲೆ ಸಂಜೆ ಅದನ್ನು ಚಾಚಾನಿಗೆ ತೋರಿಸೋಣ ಅನಿಸಿತು. ಅವರು ಎರಡೂ ಕೈಯನ್ನು ಲುಂಗಿಗೆ ಒರೆಸಿಕೊಂಡು ಹಾಳೆ ತೆಗೆದುಕೊಂಡರು. ಅವರು ಕಂಡ ಸೇತುವೆಗಳೆಲ್ಲ, ಅವರ ಬಾಯಲ್ಲಿ ಪೂಲುಗಳು, ಭೀಮಾ ನದಿಯವು, ಸಾಲಾಗಿ ಕಾಲೂರಿ ನಿಂತವು. ಇದರ ಕಾಲು ಎರಡೇ. ರಸ್ತೆಯೆಲ್ಲ ಹಗ್ಗಕ್ಕೆ ಜೋತು ಬಿದ್ದಿದೆ.

"ಯಾ ಅಲ್ಲಾ," ಅಂದರು. ತೋರುಬೆರಳನ್ನು ಹಗ್ಗದ ಆ ಇಳಿಜೋಲಿನ ಮೇಲೆ ಈ ತುದಿಯಿಂದ ಆ ತುದಿಗೆ ಎಳೆದರು. ಬೆರಳು ಗೋಪುರ ದಾಟಿ, ದಡ ದಾಟಿ, ಚಿತ್ರದ ಅಂಚಿಗೆ ಹೋಗಿ ನಿಂತಿತು.

"ಇದರ ಗೂಟ ಎಲ್ಲಿ ಅದರಿ?"

ನಾನು ಬೆರಗಾದೆ. ಇಂಥ ಸೇತುವೆಗಳ ಚಿತ್ರವನ್ನು ಎಷ್ಟು ತರಗತಿಗಳಿಗೆ ತೋರಿಸಿದ್ದೆ. ಎಷ್ಟು ಉದ್ದ, ಎಷ್ಟು ಎತ್ತರ ಎಂದು ಎಲ್ಲರೂ ಕೇಳಿದ್ದರು. ಹಗ್ಗದ ತುದಿಯನ್ನು ಹಿಡಿದವರಾರು ಎಂದು ಒಬ್ಬರೂ ಕೇಳಿರಲಿಲ್ಲ. ಎರಡೂ ದಡದಲ್ಲಿ ಮನೆಗಿಂತ ದೊಡ್ಡ ಕಾಂಕ್ರೀಟಿನ ಗಡ್ಡೆಗಳಿವೆ, ಹಗ್ಗದ ತುದಿ ಅದರೊಳಗೆ ಹುಗಿದಿದೆ ಎಂದೆ. ಅವರು ತಲೆಯಾಡಿಸಿದರು. "ಹಾಂ, ಮತ್ತ! ಎತ್ತು ಓಡಿ ಹೋಗೋದು ಹಗ್ಗ ಹರದು ಅಲ್ಲ, ಗೂಟ ಕಿತ್ತು." ಇಷ್ಟೊಂದು ಜೋಲು ಯಾಕೆ ಬಿಟ್ಟಿದ್ದಾರೆ ಗೊತ್ತೇ ಎಂದು ನಾನು ಟೀಚರಗಿರಿ ತೋರಿಸಿದೆ. ಅವರು ನಕ್ಕುಬಿಟ್ಟರು. "ಬಿಗಿ ಎಳದು ಕಟ್ಟಿದ ಹಗ್ಗದ ಮ್ಯಾಲ ಒಂದು ಹಸೀ ಸೀರಿ ಹಾಕಿ ನೋಡ್ರಿ, ಕಟ್ ಅಂತದ. ಜೋಲು ಬಿಟ್ರ ಹತ್ತು ಸೀರಿ ಹಿಡೀತದ." ನಾನು ಬೋರ್ಡಿನ ತುಂಬ ಸೂತ್ರ ಬರೆದು, ಕೋನ ಅಳೆದು ಹೇಳುತ್ತಿದ್ದುದು ಇಷ್ಟೇ ಆಗಿತ್ತು.

ಆಮೇಲೆ ಅವರು ಕೇಳಿದರು: "ಈ ಹಗ್ಗ ಹ್ಯಾಂಗ ಹೊಸದಾರ?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಟೀಚರ ನಾಲಿಗೆಗೆ ಆ ಒಂದು ಮಾತು ಮಾತ್ರ ಹೊರಳುವುದಿಲ್ಲ, ಏನು ಮಾಡುವುದು! "ಹ್ಯಾಂಗಂದ್ರ? ನಿಮ್ಮಂಗೇ ಹೊಸದಾರ ಚಾಚಾ. ನಾರಿನ ಬದಲಿ ಉಕ್ಕಿನ ತಂತಿ," ಅಂದೆ.

ಅವರ ಮುಖ ನಾನು ಮರೆತಿಲ್ಲ. ಆ ಕೈಗಳನ್ನು, ಅಂಗೈಯೋ ಎಮ್ಮೆಯ ಚರ್ಮವೋ ತಿಳಿಯದಂತಿದ್ದ ಆ ಕೈಗಳನ್ನು, ತಿರುಗಿಸಿ ನೋಡಿಕೊಂಡರು. "ನಮ್ಮಂಗೇ," ಅಂದರು ಮೆಲ್ಲಗೆ. ಒಳಗೆ ಕೂಗಿ ಚಾಚಿಯನ್ನು ಕರೆದು ಚಿತ್ರ ತೋರಿಸಿದರು. ಮರುದಿನ ಆ ಹಾಳೆ ಅಂಗಡಿಯ ಗೋಡೆ ಏರಿತ್ತು.

ಅಲ್ಲಿಂದ ಸುಮಾರು ಹನ್ನೆರಡು ವರ್ಷ ನಮ್ಮದು ಅದೇ ಮಾತು. ನಾನು ಎಲ್ಲಾದರೂ ತೂಗುಸೇತುವೆಯ ಸಂಗತಿ ಓದಿದರೆ ಸಂಜೆ ಹೋಗಿ ಹೇಳುವುದು, ಅವರು ನಾರು ಬಿಡಿಸುತ್ತ ಕೇಳುವುದು. ನಯಾಗರಾ ಎಂಬ ಜಲಪಾತದ ಕೆಳಗಿನ ಕಂದರ ದಾಟಿಸಲು ಮೊದಲು ಒಂದು ಗಾಳಿಪಟ ಹಾರಿಸಿ, ಅದರ ದಾರಕ್ಕೆ ಇನ್ನಷ್ಟು ದಪ್ಪ ದಾರ, ಅದಕ್ಕೆ ಹಗ್ಗ, ಹಗ್ಗಕ್ಕೆ ತಂತಿ ಕಟ್ಟಿ ಎಳೆದರಂತೆ ಎಂದಾಗ ಕೈಯಲ್ಲಿದ್ದ ನಾರು ಕೆಳಗೆ ಬಿತ್ತು. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ಎಂಜಿನಿಯರು ನದಿಯ ತಳದ ಕೆಲಸದಲ್ಲಿ ರೋಗ ಹತ್ತಿ ಹಾಸಿಗೆ ಹಿಡಿದಾಗ, ಅವನ ಹೆಂಡತಿಯೇ ಲೆಕ್ಕಗಿಕ್ಕ ಎಲ್ಲ ಕಲಿತು, ವರ್ಷಗಟ್ಟಲೆ ನಿಂತು ಕೆಲಸ ನಡೆಸಿದಳು ಎಂದಾಗ ಚಾಚಿ ರಾಟಿ ನಿಲ್ಲಿಸಿ ಗಂಡನನ್ನು ನೋಡಿದರು. "ಕೇಳಿದ್ರಿಲ್ಲೋ? ನಾ ಕೈ ಬಿಟ್ರ ನಿಮ್ಮ ಹಗ್ಗ ಎಲ್ಲೀದು?" ಚಾಚಾ, "ನಾ ಎಂದಾರ ಇಲ್ಲ ಅಂದೇನೇನು?" ಎಂದು ನಕ್ಕರು. ಅದೇ ಸೇತುವೆ ಗಟ್ಟಿಯಿಲ್ಲ ಎಂದು ಜನ ಹೆದರಿದಾಗ, ಸರ್ಕಸ್ಸಿನವರು ಇಪ್ಪತ್ತೊಂದು ಆನೆಗಳನ್ನು ಅದರ ಮೇಲೆ ನಡೆಸಿ ತೋರಿಸಿದ ಕಥೆಯಂತೂ ಅವರಿಗೆ ಎಷ್ಟು ಸಲ ಕೇಳಿದರೂ ಸಾಲದು.

"ಆನಿ ನಡಿಸಿದ್ರು! ನೋಡ್ರಿ, ಅವ್ರೂ ಕೂತು ನೋಡೇ ಕೊಟ್ಟಾರ."

ಪ್ರತಿ ವರ್ಷ ನನ್ನ ಹುಡುಗಿಯರನ್ನು ಅವರ ಓಣಿಗೆ ಕರೆದೊಯ್ಯುತ್ತಿದ್ದೆ. ಚಾಚಾ ಒಗೆದ ಅಂಗಿ ತೊಟ್ಟು ತಯಾರಿರುತ್ತಿದ್ದರು. ಹಗ್ಗ ಹೊಸೆದು ತೋರಿಸಿ, ಕೊನೆಗೆ ಗೋಡೆಯ ಚಿತ್ರದತ್ತ ಕೈ ಮಾಡಿ ಪ್ರತಿ ಸಲ ಒಂದೇ ಮಾತು: "ಅಮೆರಿಕಾದ ಪೂಲಿನ ಹಗ್ಗಾನೂ ಹಿಂಗೇ ಹೊಸದದ್ದು ನೋಡ್ರವ್ವಾ." ಗಿರಾಕಿಗಳಿಗೂ ಅದೇ ಮಾತು. ಚಹಾದಂಗಡಿಯಲ್ಲೂ ಅದೇ.

ಆಮೇಲೆ ನಮ್ಮ ಶಾಲೆಗೆ ಸ್ಮಾರ್ಟ್ ಬೋರ್ಡ್ ಬಂತು. ಆ ವರ್ಷದ ಹುಡುಗಿಯರನ್ನು ಚಾಚಾನ ಓಣಿಗೆ ಕರೆದೊಯ್ದು ಬಂದು ಒಂದು ವಾರವಾಗಿತ್ತಷ್ಟೇ. ಆ ಗೋಲ್ಡನ್ ಗೇಟ್ ಸೇತುವೆಯನ್ನೇ ಕಟ್ಟುವ ಒಂದು ವಿಡಿಯೊ ಹುಡುಕಿ ಹಾಕಿದೆ, ನಾನು ಮೊದಲು ನೋಡದೆಯೇ. ಪರದೆಯ ಮೇಲೆ ಒಂದು ಗಾಲಿ ತಂತಿಯನ್ನು ಹೊತ್ತು ಈ ದಡದಿಂದ ಗೋಪುರ ಹತ್ತಿ, ಇಳಿದು, ಆ ದಡ ಮುಟ್ಟಿ, ಮತ್ತೆ ಮರಳಿ ಬರುತ್ತಿತ್ತು. ಪೆನ್ಸಿಲ್ಲಿಗಿಂತ ತೆಳು ತಂತಿ. ಒಂದರ ಪಕ್ಕ ಒಂದು, ಒಂದರ ಪಕ್ಕ ಒಂದು, ಇಪ್ಪತ್ತೇಳು ಸಾವಿರಕ್ಕೂ ಹೆಚ್ಚು. ಕೊನೆಗೆ ಎಲ್ಲವನ್ನೂ ಒತ್ತಿ ಹಿಡಿದು ಮೇಲೆ ತಂತಿ ಸುತ್ತಿದರು. ನಾನು ತಬ್ಬಿದರೂ ಕೈಗೆ ಕೈ ಸೇರದಷ್ಟು ದಪ್ಪದ ಹಗ್ಗ. ಎಲ್ಲೂ ಒಂದು ಸುತ್ತು ಹುರಿಯಿಲ್ಲ. ಹೊಸೆದರೆ ತಂತಿಯ ಬಲ ಕುಂದುತ್ತದೆ, ಅದಕ್ಕೇ ನೇರವಾಗಿ ಮಲಗಿಸುತ್ತಾರೆ ಎಂದು ವಿಡಿಯೊದವನು ಬಿಡಿಸಿ ಹೇಳಿದ.

ಮುಂದಿನ ಸಾಲಿನ ಹುಡುಗಿ ಎದ್ದು ನಿಂತಳು. "ಟೀಚರ್, ಹಂಗಾದ್ರ ಹಗ್ಗದ ಚಾಚಾ ಸುಳ್ಳ ಹೇಳಿದ್ರೇನ್ರಿ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು ನನ್ನ ಸ್ಥಿತಿ. ಕೂತು ನೋಡದೆ ಒಂದು ಹಗ್ಗ ಕೊಡದ ಮನುಷ್ಯ, ನನ್ನ ಬಾಯಿಂದ ಬಿದ್ದ ಸುಳ್ಳನ್ನು ಹನ್ನೆರಡು ವರ್ಷ ತಮ್ಮ ಬಾಯಿಂದ ಹೇಳಿದ್ದರು. "ಅವ್ರು ಓದಿದವ್ರಲ್ಲ, ಕುಂದ್ರು," ಅಂದುಬಿಟ್ಟೆ. ಇಂದಿಗೂ ಆ ಮಾತು ನೆನೆದರೆ ನನಗೆ ನನ್ನ ಮೇಲೇ ಅಸಹ್ಯವಾಗುತ್ತದೆ.

ಎಂಟು ದಿನ ಆ ಓಣಿಗೆ ಕಾಲಿಡಲಿಲ್ಲ. ಸುತ್ತುದಾರಿಯಿಂದ ಶಾಲೆಗೆ ಹೋದೆ. ಆದರೆ ಊರು ಎಷ್ಟು ದೊಡ್ಡದು! ಹುಡುಗಿಯರು ಮನೆಯಲ್ಲಿ ಹೇಳಿದ್ದು ಚಹಾದಂಗಡಿಗೆ ಬಂತು. ಯಾರೋ, "ಏನ್ ಚಾಚಾ, ಅಮೆರಿಕಾದಾಗ ನಿಮ್ಮ ಹಗ್ಗ ನಡ್ಯಂಗಿಲ್ಲಂತಲ್ಲರಿ!" ಎಂದು ಚೇಷ್ಟೆ ಮಾಡಿದರಂತೆ. ಚಾಚಾ ಅರ್ಧ ಚಹಾ ಬಿಟ್ಟು ಎದ್ದು ಹೋದರಂತೆ. ಇದನ್ನು ನಮ್ಮ ಶಾಲೆಯ ಜವಾನ ನನಗೆ ನಗುತ್ತ ಹೇಳಿದ. ಆ ಸಂಜೆಯೇ ಹೋದೆ.

ಚಾಚಿ ರಾಟಿ ತಿರುಗಿಸುತ್ತಿದ್ದರು, ಚಾಚಾ ಹಿಂದಕ್ಕೆ ನಡೆಯುತ್ತಿದ್ದರು. ನಾನು ನಿಂತಲ್ಲಿಂದಲೇ ಹೇಳಿದೆ. "ಚಾಚಾ, ಆ ಪೂಲಿನ ಹಗ್ಗ ಹೊಸದದ್ದಲ್ಲ. ತಂತಿ ನೆಟ್ಟಗ ಮಲಗಿಸಿ ಕಟ್ಟಿದ್ದು. ತಪ್ಪು ನನ್ನದು. ನಾ ಓದದ ಹೇಳಿದ್ದೆ."

ಅವರು ನಿಂತರು. ರಾಟಿಯೂ ನಿಂತಿತು.

"ಹೊಸೀದೇ ಹಗ್ಗ ಆಗತದೇನ್ರಿ?"

"ಆಗತದ್ರಿ. ನಾ ಕಣ್ಣಾರೆ ನೋಡಿದೆ."

ಅವರು ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಸಿಟ್ಟಾಗಿದ್ದರೆ ಬದುಕುತ್ತಿದ್ದೆ. ಅವರು ಮಗುವಿನಂಥ ಆಶ್ಚರ್ಯದಿಂದ ನನ್ನನ್ನು ನೋಡಿ, "ನೀವು ಕೂತು ನೋಡದಽ ಕೊಟ್ಟಿದ್ರೇನ್ರಿ ಟೀಚರಬಾಯಿ?" ಅಂದರು. ಅಷ್ಟೇ. ಎಳೆಯನ್ನು ಗೂಟಕ್ಕೆ ಸುತ್ತಿ, ಒಳಗೆ ಹೋಗಿ, ಗೋಡೆಯ ಚಿತ್ರ ಇಳಿಸಿ ಸುರುಳಿ ಸುತ್ತಿದರು. ನನ್ನ ಕೈಗೂ ಕೊಡಲಿಲ್ಲ, ಹರಿಯಲೂ ಇಲ್ಲ. ಮೇಲಿನ ಹಲಗೆಯ ಮೇಲೆ ಇಟ್ಟರು. ನಾನು ಅಳುತ್ತ ಮನೆಗೆ ಬಂದೆ.

ಒಂದು ತಿಂಗಳು ಮಾತಿಲ್ಲ. ಬೇವಿನ ಗಿಡಕ್ಕೆ ಚಾಚಾ ಏನೇನೋ ಕಲ್ಲು ಕಟ್ಟಿ ತೂಗಿಬಿಡುತ್ತಿದ್ದಾರೆ, ಬೀಸುವ ಕಲ್ಲನ್ನೂ ಬಿಟ್ಟಿಲ್ಲ, ಚಾಚಿ ಬೈಯುತ್ತಿದ್ದಾರೆ ಎಂದು ಸುದ್ದಿ ಬರುತ್ತಿತ್ತು. ಒಂದು ದಿನ ಜವಾನನ ಕೈಲಿ ಹೇಳಿ ಕಳಿಸಿದರು: ಹುಡುಗಿಯರನ್ನು ಕರಕೊಂಡು ಬರ್ರಿ.

ಹೋದೆವು. ಗಿಡದ ಟೊಂಗೆಗೆ ಎರಡು ಹಗ್ಗ ಇಳಿಬಿದ್ದಿದ್ದವು, ಎರಡೂ ಒಂದೇ ತೂಕದ ಪುಂಡಿ ನಾರಿನವು. ಒಂದು ಹೊಸೆದದ್ದು. ಇನ್ನೊಂದರಲ್ಲಿ ನಾರನ್ನು ಸುಮ್ಮನೆ ನೆಟ್ಟಗೆ ಜೋಡಿಸಿ ಮೇಲೆ ದಾರ ಸುತ್ತಿದ್ದರು. ಹೊಸೆದದ್ದಕ್ಕೆ ಬೀಸುವ ಕಲ್ಲು ಕಟ್ಟಿದರು, ಹಿಡಿಯಿತು. ಹೊಸೆಯದಿದ್ದದ್ದಕ್ಕೆ ಕಟ್ಟಿ ಕೈ ಬಿಟ್ಟರು. ನಾರು ಸರ್ರನೆ ಜಾರಿ ಬಂದು ಕಲ್ಲು ದೊಪ್ಪೆಂದು ಬಿತ್ತು. ಹುಡುಗಿಯರು ಚೀರಿದರು. ಹಾಗಾದರೆ ಚಾಚಾನದೇ ಸರಿ ಎಂದು ನನಗೂ ಒಂದು ಕ್ಷಣ ಆಸೆಯಾಯಿತು.

"ತಡೀರಿ," ಎಂದು ಅವರು ಇನ್ನೆರಡು ತಂದರು. ಮನೆ ಕಟ್ಟುವವರು ಕಬ್ಬಿಣದ ಸರಳು ಬಿಗಿಯುವ ತಂತಿಯವು. ಒಂದು ಹೊಸೆದದ್ದು, ಒಂದು ನೆಟ್ಟಗಿದ್ದದ್ದು. ಹೊಸೆದದ್ದಕ್ಕೆ ಕಲ್ಲು ಕಟ್ಟಿದರೆ ಅದು ಬುಗುರಿಯಂತೆ ಗಿರಗಿರ ತಿರುಗಿತು, ಹುರಿ ಬಿಚ್ಚಿ ಹಗ್ಗ ಉದ್ದವಾಯಿತು. ನೆಟ್ಟಗಿದ್ದ ತಂತಿಯ ಕಲ್ಲು ಮಾತ್ರ ಕೂತಲ್ಲೇ ಕೂತಿತು, ಮಿಸುಕಲಿಲ್ಲ.

ಚಾಚಾ ಒಂದು ನಾರಿನ ಎಳೆ ಎತ್ತಿ ಹಿಡಿದರು. "ನೋಡ್ರವ್ವಾ. ಇದು ಎರಡು ಮೊಳ, ಭಾಳ ಅಂದ್ರ ಮೂರು. ನನಗ ಹಗ್ಗ ಬೇಕು ಇಪ್ಪತ್ತು ಮೊಳ. ಇದು ನಡುವೇ ಮುಗದು ಹೋಗತದ. ಮುಗದಲ್ಲಿ ಮತ್ತೊಂದು ಎಳಿ ಇದರ ಕೈ ಹಿಡೀಬೇಕು. ಅದಕ ಹೊಸೀಬೇಕು. ಆ ತಂತಿ ಅದ ನೋಡ್ರಿ, ಅದು ಈ ದಂಡಿಯಿಂದ ಆ ದಂಡಿ ತನಕ ನಡುವ ಮುಗ್ಯಂಗಿಲ್ಲ. ಅದು ಯಾರ ಕೈ ಹಿಡೀಬೇಕು? ಅದಕ ಹುರಿ ಬ್ಯಾಡ." ಆಮೇಲೆ ತಲೆ ತಗ್ಗಿಸಿ ಹೇಳಿದರು: "ನಾ ಇಷ್ಟು ವರ್ಷ ನಿಮಗ ಸುಳ್ಳ ಹೇಳಿದೆ. ಕೂತು ನೋಡದ ಹೇಳಿದೆ. ತಪ್ಪು ನಂದು."

ನನ್ನತ್ತ ಕಣ್ಣೆತ್ತಿ ನೋಡಲೂ ಇಲ್ಲ. ನನ್ನ ಹೆಸರು ಬರಲೇ ಇಲ್ಲ. ಅವರು ನನ್ನನ್ನು ಉಳಿಸಿಬಿಟ್ಟಿದ್ದರು. ನಾನು ಸುಮ್ಮನಿದ್ದಿದ್ದರೆ ಆ ನಲವತ್ತು ಹುಡುಗಿಯರಿಗೆ ನಾನು ಎಲ್ಲ ತಿಳಿದ ಟೀಚರಾಗಿಯೇ ಉಳಿಯುತ್ತಿದ್ದೆ. ನಿಜ ಹೇಳುತ್ತೇನೆ, ಸುಮ್ಮನಿರಬೇಕೆಂದೂ ಅನಿಸಿತು. ನೆಲದ ಮೇಲೆ ಬಿದ್ದಿದ್ದ ಆ ಕಲ್ಲನ್ನು ನೋಡಿದೆ.

"ಚಾಚಾ ಅಲ್ಲ," ಅಂದೆ. "ಅದನ್ನ ಅವರಿಗೆ ಹೇಳಿಕೊಟ್ಟಾಕಿ ನಾನು. ನನಗ ಗೊತ್ತಿದ್ದಿಲ್ಲ. ಗೊತ್ತಿಲ್ಲ ಅನ್ನಾಕ ನಾಚಿಕಿ ಬಂತು. ಅವತ್ತು ಕ್ಲಾಸಿನ್ಯಾಗ ಅವ್ರು ಓದಿದವ್ರಲ್ಲ ಅಂದೆನಲ್ಲ, ಅದೂ ನನ್ನ ತಪ್ಪು."

ಆ ಮುಂದಿನ ಸಾಲಿನ ಹುಡುಗಿ ಮೆಲ್ಲಗೆ ಹೋಗಿ ಚಾಚಾನ ಕೈಯಿಂದ ನಾರಿನ ಎಳೆ ತೆಗೆದುಕೊಂಡು ತನ್ನ ನೋಟ್‌ಬುಕ್ಕಿನಲ್ಲಿ ಇಟ್ಟುಕೊಂಡಳು. ಚಾಚಿ ಒಳಗಿಂದ ಎಲ್ಲರಿಗೂ ಬೆಲ್ಲದ ಪಾನಕ ತಂದರು.

ಚಿತ್ರ ಮತ್ತೆ ಗೋಡೆ ಏರಿತು. ರಸ್ತೆಯನ್ನು ದೊಡ್ಡ ಹಗ್ಗಕ್ಕೆ ತೂಗುಹಾಕುವ ಸಣ್ಣ ಹಗ್ಗಗಳಿರುತ್ತವಲ್ಲ, ಅವು ಮಾತ್ರ ಹೊಸೆದ ತಂತಿಯವೇ ಎಂದು ನಾನು ಹುಡುಕಿ ಓದಿ ಹೇಳಿದಾಗ ಅವರು ಓರೆಗಣ್ಣಲ್ಲಿ ನೋಡಿದರು. "ಇದು ಓದಿದ್ದೋ, ನನ್ನ ಸಮಾಧಾನಕ್ಕೋ?" ಓದಿದ್ದೇ ಎಂದು ಪುಸ್ತಕ ತೆರೆದು ತೋರಿಸಿದೆ. ಇನ್ನೊಂದು ದಿನ ಪೆರು ದೇಶದ ಬೆಟ್ಟಗಳ ನಡುವಿನ ಹುಲ್ಲಿನ ಸೇತುವೆಯ ಕಥೆ ಓದಿದೆ. ಕಬ್ಬಿಣ ಕಾಣದ ಕಾಲದಿಂದ ಅಲ್ಲಿನ ಹಳ್ಳಿಗಳವರು ವರ್ಷಕ್ಕೊಮ್ಮೆ ಸೇರಿ, ಮನೆಮನೆಯಿಂದ ಹುಲ್ಲಿನ ಹುರಿ ತಂದು, ಹುರಿಗೆ ಹುರಿ ಸೇರಿಸಿ ಹೊಸೆದು, ಕಂದರದ ಮೇಲೆ ತೂಗುಸೇತುವೆ ಕಟ್ಟುತ್ತಾರೆ. ಚಾಚಾ ನನ್ನ ಫೋನಿನಲ್ಲಿದ್ದ ಅದರ ಚಿತ್ರವನ್ನು ಕಣ್ಣಿಗೆ ಹತ್ತಿರ ಹಿಡಿದರು. ಕಣ್ಣಲ್ಲಿ ನೀರಿತ್ತು. "ಹುಲ್ಲು, ಗೇಣುದ್ದದ ಹುಲ್ಲು," ಅಂದರು. "ನಾವೂ ಹಂಗೇ ಬಿಡ್ರಿ. ಮೊಳದುದ್ದದ ಮಂದಿ."

ಕಳೆದ ವರ್ಷ ನನ್ನ ಬಸುರಿ ಮಗಳಿಗೆ ಏಳು ತಿಂಗಳು ತುಂಬಿದಾಗ ಚಾಚಾನಿಗೆ ಹೇಳಿ ಬಂದೆ, ತೊಟ್ಟಿಲ ಹಗ್ಗ ಬೇಕು ಎಂದು. ಕೂಸಿನ ಮೈಗೆ ಚುಚ್ಚಬಾರದೆಂದು ಹತ್ತಿಯ ನೂಲಿನದೇ ಮಾಡುತ್ತೇನೆ ಎಂದರು. ಅದು ಮುಗಿದು ಎರಡು ದಿನವಾಗಿತ್ತಂತೆ. ಅಂದು ಮಧ್ಯಾಹ್ನ ಬೇರೊಂದು ಹಗ್ಗಕ್ಕೆ ಎಳೆ ಬಿಡುತ್ತ ಹಿಂದಕ್ಕೆ ನಡೆಯುತ್ತಿದ್ದವರು ಬೇವಿನ ಗಿಡದ ಬುಡದಲ್ಲಿ ಕೂತುಬಿಟ್ಟರು, ಮತ್ತೆ ಏಳಲಿಲ್ಲ. "ರಾಟಿ ತಿರಗಸಾಕತ್ತಿದ್ದೆ. ಎಳಿ ಸಡ್ಲಾತು. ತಲಿ ಎತ್ತಿ ನೋಡದಽ ತಿಳೀತು," ಎಂದರು ಚಾಚಿ. ಯೂನಿಫಾರ್ಮಿನಲ್ಲಿಯೇ ನನ್ನ ಹುಡುಗಿಯರು ಓಣಿಯ ತುದಿಯಲ್ಲಿ ಸಾಲಾಗಿ ನಿಂತು ಅವರ ಜನಾಜಾ ಹೋಗುವುದನ್ನು ನೋಡಿದರು.

ಮೊಮ್ಮಗಳು ಹುಟ್ಟಿದಳು. ತೊಟ್ಟಿಲಿಗೆ ಹಾಕುವ ಹಿಂದಿನ ದಿನ ಚಾಚಿಯ ಬಳಿಗೆ ಹೋದೆ. ಅವರು ಇದ್ದತ್‌ನಲ್ಲಿದ್ದರು, ಗಂಡ ತೀರಿದ ಮೇಲಿನ ಆ ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟುವಂತಿರಲಿಲ್ಲ. ಒಳಗಿಂದ ಹಗ್ಗ ತಂದು ಎದೆಗೆ ಹಿಡಿದುಕೊಂಡು ನಿಂತರು, ಕೊಡಲಿಲ್ಲ.

"ಇದರಾಗ ಅವ್ರು ಕೂತಿಲ್ಲರಿ. ಕೂತು ನೋಡದ ಕೊಟ್ಟ ಹಗ್ಗ ಈ ಅಂಗಡ್ಯಾಗಿಂದ ಒಂದೂ ಹೋಗಿಲ್ಲ. ನಾ ಹೊರಗ ಬರೋಹಂಗಿಲ್ಲ. ಏನ್ ಮಾಡ್ಲಿ ಹೇಳ್ರಿ?"

ನಾನು ಕೈ ಚಾಚಿದೆ. ಅವರು ನನ್ನ ಮುಖ ನೋಡಿ, ಹಗ್ಗ ಬಿಟ್ಟರು.

ಬೇವಿನ ಟೊಂಗೆಗೆ ಕಟ್ಟುವಷ್ಟರಲ್ಲಿ ಓಣಿಯವರು ನೆರೆದಿದ್ದರು. ಐವತ್ತೆಂಟರ ಹೈಸ್ಕೂಲ್ ಟೀಚರ್, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಚಪ್ಪಲಿ ಬಿಟ್ಟು ಕೂತೆ. ಕಾಲು ಮೇಲೆತ್ತಿದೆ. ಕಣ್ಣು ಮುಚ್ಚಿದೆ. ನನ್ನ ಭಾರವೆಲ್ಲ ಅವರ ಕೈ ಮುಟ್ಟಿದ ಎಳೆಗಳ ಮೇಲೆ ಬಿತ್ತು. ಯಾರೋ, "ಟೀಚರ್ರಿ, ಪಂಚಮಿ ಇನ್ನಾ ದೂರ ಅದರಿ!" ಎಂದರು. ನಾನು ಕಣ್ಣು ಬಿಡಲಿಲ್ಲ. ಕೇಳುತ್ತ ಕೂತೆ. ಹಗ್ಗ ಕಟಕ್ ಅನ್ನಲಿಲ್ಲ. ಹತ್ತು ಉಸಿರಾದವು. ಇನ್ನೂ ಎರಡು ಹೆಚ್ಚಾದವು.

"ಸಾಕೇಳ್ರಿ ಟೀಚರಬಾಯಿ," ಎಂದರು ಚಾಚಿ ಬಾಗಿಲ ಒಳಗಿನಿಂದ. "ಇನ್ನ ಒಯ್ಯಿರಿ."